ಫೈರ್ ಎಂಜಿನ್ನಿನ ನಾಲ್ಕನೆಯ ಆಸನ

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರು ದಾವಣಗೆರೆಯಿಂದ ಎಮರಿವಿಲ್‌ನ ನಮ್ಮ ಮನೆಗೆ ಬಂದಿದ್ದರು. ಒಂದು ಬೆಳಗಿನ ಜಾವ ಬಚ್ಚಲಮನೆಯ ಬಾಗಿಲಲ್ಲೇ ಕುಸಿದು ಕುಳಿತರು. ಮುಖ ಬಿಳಿಚಿತ್ತು, ಮೈ ತಣ್ಣಗೆ ಬೆವೆತಿತ್ತು. ಕೈ ಹಿಡಿದು ನಾಡಿ ಎಣಿಸಿದೆ. ನಿಮಿಷಕ್ಕೆ ಮೂವತ್ತರ ಆಸುಪಾಸಿನಲ್ಲಿತ್ತು. ಎಂ.ಡಿ. ಮಾಡಿ ದಶಕಗಳೇ ಕಳೆದಿದ್ದರೂ ಆ ಹೊತ್ತಿಗೆ ನನ್ನ ಕೈಯಲ್ಲಿ ಇದ್ದದ್ದು ಒಂದು ಸ್ಟೆತೊಸ್ಕೋಪು ಮತ್ತು ಒಂದು ದೂರವಾಣಿ ಮಾತ್ರ. 911ಕ್ಕೆ ಕರೆ ಮಾಡಿದೆ. ಮೊದಲು ಬಂದು ನಿಂತದ್ದು ಆಂಬ್ಯುಲೆನ್ಸ್ ಅಲ್ಲ, ಫೈರ್ ಎಂಜಿನ್. ಅದರಿಂದ ಇಳಿದು ಬಂದವರು ಮೂವರು. ಅವರ ಭಾರೀ ಬೂಟುಗಳನ್ನೂ ಹೆಗಲ ಮೇಲಿನ ಚೀಲಗಳನ್ನೂ ನೋಡಿ ಅಮ್ಮ ಕ್ಷೀಣ ಧ್ವನಿಯಲ್ಲಿ, "ಏನೋ ಇದು, ನನ್ನನ್ನ ನೋಡೋಕೆ ಬೆಂಕಿ ಆರಿಸೋರನ್ನ ಕರೆಸಿದೀಯಾ?" ಎಂದರು.

ಅವರಲ್ಲೊಬ್ಬರು ಪ್ಯಾರಾಮೆಡಿಕ್. ಇಸಿಜಿ ತೆಗೆದು, ಎದೆಗೆ ಪಟ್ಟಿ ಅಂಟಿಸಿ, ಹೊರಗಿನಿಂದಲೇ ಹೃದಯಕ್ಕೆ ವಿದ್ಯುತ್ ಮಿಡಿತ ಕೊಡಲು ಸಿದ್ಧರಾದರು. ಇನ್ನೊಬ್ಬರು ಆಮ್ಲಜನಕ, ರಕ್ತದೊತ್ತಡಗಳ ಕಡೆ ಗಮನ ಕೊಟ್ಟರೆ ಮತ್ತೊಬ್ಬರು ನನ್ನಿಂದ ಔಷಧಿಗಳ ಪಟ್ಟಿ ಕೇಳುತ್ತ ರೇಡಿಯೋದಲ್ಲಿ ಮಾತನಾಡುತ್ತಿದ್ದರು. ಆಂಬ್ಯುಲೆನ್ಸಿನವರು ಇಬ್ಬರು ಬಂದು ಸೇರಿಕೊಂಡ ಮೇಲೆಯೇ ಅಮ್ಮನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಯಂತ್ರದ ಜೊತೆಗೆ ಕೆಳಗೆ ಒಯ್ಯಲು ಸಾಧ್ಯವಾಯಿತು. ಮೇಲಿನ ಕೋಣೆಯ ವಿದ್ಯುತ್ ಸಂದೇಶ ಕೆಳಗಿನ ಕೋಣೆಗೆ ತಲುಪದ 'ಹಾರ್ಟ್ ಬ್ಲಾಕ್' ಅದು. ಪೇಸ್‌ಮೇಕರ್ ಅಳವಡಿಸಿದರು. ಅಮ್ಮ ಊರಿಗೆ ಹಿಂತಿರುಗಿ ಇಂದಿಗೂ ನೆರೆಹೊರೆಯವರಿಗೆ ಆ ಬೆಂಕಿ ಗಾಡಿಯ ಕಥೆ ಹೇಳುತ್ತಾರೆ.

ಅಂದಿನಿಂದ ನನಗೊಂದು ಹೊಸ ಚಾಳಿ ಅಂಟಿಕೊಂಡಿದೆ. ಬೀದಿಯಲ್ಲಿ ಫೈರ್ ಎಂಜಿನ್ ಹಾದುಹೋದರೆ ಒಳಗೆ ಎಷ್ಟು ಜನ ಕುಳಿತಿದ್ದಾರೆಂದು ಎಣಿಸುತ್ತೇನೆ. ಕೌಂಟಿಯ ಅಗ್ನಿಶಾಮಕ ಇಲಾಖೆ ವರ್ಷಕ್ಕೊಮ್ಮೆ ತನ್ನ ಪ್ರಗತಿಯನ್ನು ಹೇಳಿಕೊಳ್ಳುವಾಗಲೂ ನಾನು ಹುಡುಕುವುದು ಅದೇ ಲೆಕ್ಕವನ್ನು. ಆ ಲೆಕ್ಕ ಸುಲಭಕ್ಕೆ ಸಿಗುವುದಿಲ್ಲ. ಹೊಸ ವಾಹನ, ಹೊಸ ಠಾಣೆ, ತರಬೇತಿ ಮುಗಿಸಿದ ಹೊಸ ತಂಡದ ಛಾಯಾಚಿತ್ರ, ಸ್ವೀಕರಿಸಿದ ಕರೆಗಳ ಸಂಖ್ಯೆ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಬೆಳಗಿನ ಮೂರು ಗಂಟೆಗೆ ಹೊರಡುವ ಗಾಡಿಯಲ್ಲಿ ಮೂವರಿರುತ್ತಾರೋ ನಾಲ್ವರೋ ಎಂಬುದನ್ನು ಮಾತ್ರ ಸಾಲುಗಳ ನಡುವೆ ಓದಿಕೊಳ್ಳಬೇಕು.

ಎಮರಿವಿಲ್ ಬಲು ಸಣ್ಣ ಊರು. ಓಕ್‌ಲ್ಯಾಂಡ್ ಮತ್ತು ಬರ್ಕ್ಲಿಗಳ ನಡುವೆ ಸಿಕ್ಕಿಕೊಂಡಿರುವ ಇದರ ನೆಲದ ವಿಸ್ತೀರ್ಣ ಒಂದೂಕಾಲು ಚದರ ಮೈಲಿಯಷ್ಟು. 2020ರ ಜನಗಣತಿಯಂತೆ ಜನಸಂಖ್ಯೆ ಹದಿಮೂರು ಸಾವಿರಕ್ಕಿಂತ ತುಸು ಕಡಿಮೆ. ಪಿಕ್ಸಾರ್ ಚಿತ್ರಸಂಸ್ಥೆ, ಜೈವಿಕ ತಂತ್ರಜ್ಞಾನದ ಪ್ರಯೋಗಾಲಯಗಳು, ಅಂಗಡಿ ಸಂಕೀರ್ಣಗಳು ಇಲ್ಲಿರುವುದರಿಂದ ಹಗಲಿನಲ್ಲಿ ಜನ ಇಮ್ಮಡಿಗೂ ಮೀರುತ್ತಾರೆ. ಇಷ್ಟು ಚಿಕ್ಕ ಊರಿಗೆ ಎರಡು ಅಗ್ನಿಶಾಮಕ ಠಾಣೆಗಳು: ಪೊವೆಲ್ ಬೀದಿಯಲ್ಲಿ 34ನೆಯದು, ಹಾಲಿಸ್ ಬೀದಿಯಲ್ಲಿ 35ನೆಯದು. ಇದು ದುಂದುವೆಚ್ಚ ಎಂದು ಹೊಸಬರಿಗೆ ಅನ್ನಿಸುವುದುಂಟು. ಆದರೆ ಊರನ್ನು ರೈಲು ಹಳಿ ಉದ್ದಕ್ಕೂ ಸೀಳಿದೆ; ಅದರಾಚೆಗೆ 80ನೇ ಸಂಖ್ಯೆಯ ಹೆದ್ದಾರಿ, ಅದಕ್ಕೂ ಆಚೆಗೆ ಕೊಲ್ಲಿಯೊಳಕ್ಕೆ ಚಾಚಿದ ನೆಲದ ಮೇಲೆ ನೂರಾರು ಮನೆಗಳು. ಉತ್ತರದಲ್ಲಿ 65, 66, 67ನೇ ಬೀದಿಗಳು ಹಳಿಯನ್ನು ನೆಲಮಟ್ಟದಲ್ಲೇ ದಾಟುತ್ತವೆ. ಅಲ್ಲೊಂದು ಉದ್ದನೆಯ ಸರಕು ರೈಲು ಬಂತೆಂದರೆ ಎಲ್ಲರೂ ಕಾಯಬೇಕು. ನಮ್ಮೂರಿನ ರೈಲ್ವೆ ಗೇಟಿನ ಅನುಭವ ಇರುವವರಿಗೆ ಹೆಚ್ಚು ವಿವರಣೆ ಬೇಡ.

2012ರವರೆಗೆ ಎಮರಿವಿಲ್‌ಗೆ ತನ್ನದೇ ಅಗ್ನಿಶಾಮಕ ಇಲಾಖೆಯಿತ್ತು. ಆ ವರ್ಷ ನಗರಸಭೆ ಅದನ್ನು ಅಲಮೇಡಾ ಕೌಂಟಿಯ ಇಲಾಖೆಗೆ ಒಪ್ಪಿಸಿ, ಗುತ್ತಿಗೆಯ ಮೇಲೆ ಸೇವೆಯನ್ನು ಪಡೆಯತೊಡಗಿತು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಆಡಳಿತ ಘಟಕ ಎಂದಿಟ್ಟುಕೊಳ್ಳಿ. ಈ ಕೌಂಟಿ ಇಲಾಖೆಯೂ ಹಳೆಯದೇನಲ್ಲ. 1993ರ ಜುಲೈಯಲ್ಲಿ ಕ್ಯಾಸ್ಟ್ರೊ ವ್ಯಾಲಿ, ಈಡನ್ ಮುಂತಾದ ಸಣ್ಣಪುಟ್ಟ ದಳಗಳನ್ನು ಒಂದುಗೂಡಿಸಿ ಕಟ್ಟಿದ್ದು. ಆಮೇಲೆ ಸ್ಯಾನ್ ಲಿಯಾಂಡ್ರೊ, ಡಬ್ಲಿನ್, ನ್ಯೂವಾರ್ಕ್, ಯೂನಿಯನ್ ಸಿಟಿಗಳು ಒಂದೊಂದಾಗಿ ಸೇರಿಕೊಂಡವು. ಬರ್ಕ್ಲಿ ಮತ್ತು ಲಿವರ್‌ಮೋರ್‌ನ ರಾಷ್ಟ್ರೀಯ ಪ್ರಯೋಗಾಲಯಗಳೂ ಸೇರಿದವು. ಈಗ ಸುಮಾರು 500 ಚದರ ಮೈಲಿ, ಸುಮಾರು ನಾಲ್ಕು ಲಕ್ಷ ಜನ, ಮೂವತ್ತರ ಸಮೀಪದ ಠಾಣೆಗಳು.

ಸಣ್ಣ ಊರೊಂದು ತನ್ನ ಬೆಂಕಿ ದಳವನ್ನು ಬಿಟ್ಟುಕೊಟ್ಟದ್ದರಲ್ಲಿ ಲಾಭವಿದೆ. ಇಬ್ಬರು ರಜೆ ಹಾಕಿದರೆ ಪಾಳಿಯೇ ಮುರಿದು ಬೀಳುವ ಭಯವಿಲ್ಲ. ಏಣಿ ವಾಹನ, ರಾಸಾಯನಿಕ ಅಪಘಾತಗಳ ತಂಡ, ತರಬೇತಿ ಇವನ್ನೆಲ್ಲ ಒಂದೂಕಾಲು ಮೈಲಿಯ ಊರು ಒಂಟಿಯಾಗಿ ಹೊರಲಾರದು. ನಷ್ಟವೂ ಇದೆ. ಇಲಾಖೆಯನ್ನು ಆಳುವುದು ಕೌಂಟಿಯ ಚುನಾಯಿತ ಮಂಡಳಿ. ನಮ್ಮ ನಗರಸಭೆ ಅಲ್ಲಿ ಗಿರಾಕಿಯೇ ಹೊರತು ಯಜಮಾನನಲ್ಲ. ಗಿರಾಕಿಗೆ ವರ್ಷಾಂತ್ಯದ ಬಿಲ್ಲು ಅರ್ಥವಾಗಬೇಕು. ಅದಕ್ಕೇ ಈ ವಾರ್ಷಿಕ ಪ್ರಗತಿಯ ಮಾತು ನನಗೆ ಮುಖ್ಯವೆನಿಸುವುದು.

ಒಂದು ಸರಳ ಗಣಿತ ನೋಡೋಣ. ವಾರಕ್ಕೆ 168 ಗಂಟೆಗಳು. ಮೂರು ಪಾಳಿಗಳಲ್ಲಿ ದುಡಿಯುವ ಅಗ್ನಿಶಾಮಕರ ವಾರದ ಸರಾಸರಿ ದುಡಿಮೆ 56 ಗಂಟೆ. ಕ್ಯಾಲಿಫೋರ್ನಿಯಾದ ಅನೇಕ ಕಡೆ 48 ಗಂಟೆ ಠಾಣೆಯಲ್ಲೇ ಇದ್ದು, ಬಳಿಕ 96 ಗಂಟೆ ಮನೆಯಲ್ಲಿರುವ ಪದ್ಧತಿ ಇದೆ. ಅಂದರೆ ಗಾಡಿಯೊಳಗಿನ ಒಂದೇ ಒಂದು ಆಸನವನ್ನು ವರ್ಷವಿಡೀ ತುಂಬಿಡಲು ಮೂವರು ಬೇಕು. ರಜೆ, ಕಾಯಿಲೆ, ಗಾಯ, ತರಬೇತಿ ಇವನ್ನೂ ಸೇರಿಸಿದರೆ ಮೂರೂವರೆಯಿಂದ ನಾಲ್ಕು. ಮೂವತ್ತು ಠಾಣೆಗಳ ತಲಾ ಒಂದು ಗಾಡಿಗೆ ಒಂದೊಂದು ಆಸನ ಹೆಚ್ಚಿಸಬೇಕೆಂದರೆ ನೂರಕ್ಕೂ ಹೆಚ್ಚು ಹೊಸ ನೌಕರರು ಬೇಕಾಗುತ್ತಾರೆ.

ಈಗ ಯಾವುದೋ ಒಂದು ಇಲಾಖೆ "ಈ ವರ್ಷ 20 ಮಂದಿಯನ್ನು ನೇಮಿಸಿಕೊಂಡೆವು" ಎಂದಿತೆನ್ನಿ. ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಅದೇ ವರ್ಷ 15 ಮಂದಿ ನಿವೃತ್ತರಾಗಿದ್ದರೆ ಉಳಿದದ್ದು ಐವರು. ಆ ಐವರು ಹೊಸ ಆಸನದಲ್ಲಿ ಕೂರುವುದಿಲ್ಲ. ಈವರೆಗೆ ಓವರ್‌ಟೈಮ್ ಮೇಲೆ ದಣಿದವರು ತುಂಬುತ್ತಿದ್ದ ಹಳೆಯ ಆಸನಗಳಲ್ಲೇ ಕೂರುತ್ತಾರೆ. ಆಸನಗಳ ಸಂಖ್ಯೆ ಇದ್ದಷ್ಟೇ ಇರುತ್ತದೆ. ಇದು ಪ್ರಗತಿಯಲ್ಲ ಎಂದು ನಾನು ಹೇಳುವುದಿಲ್ಲ. ಕಡ್ಡಾಯದ ಓವರ್‌ಟೈಮ್‌ನಲ್ಲಿ 72 ಗಂಟೆ ಸತತ ದುಡಿದವನ ಕೈಯಲ್ಲಿ ಸೂಜಿ ಕೊಡುವುದು ಎಂಥದ್ದೆಂಬುದು ಹೌಸ್‌ಮನ್‌ಶಿಪ್ ಮಾಡಿದ ಪ್ರತಿ ವೈದ್ಯನಿಗೂ ಗೊತ್ತು. ಆದರೆ ಖಾಲಿ ಹುದ್ದೆ ತುಂಬುವುದು ಬೇರೆ, ಗಾಡಿಯಲ್ಲಿ ಒಬ್ಬರು ಹೆಚ್ಚಾಗುವುದು ಬೇರೆ. ವರದಿಯ ಭಾಷೆಯಲ್ಲಿ ಇವೆರಡಕ್ಕೂ 'ಸಿಬ್ಬಂದಿ ಸುಧಾರಣೆ' ಎಂಬ ಒಂದೇ ಹೆಸರು.

ನಾಲ್ಕನೆಯವರು ಬಂದರೆ ಏನಾಗುತ್ತದೆ? ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘದ 1710ನೇ ಮಾನದಂಡ ಒಂದು ಎಂಜಿನ್‌ಗೆ ಕನಿಷ್ಠ ನಾಲ್ವರು ಇರಬೇಕೆನ್ನುತ್ತದೆ. ಮೊದಲ ಗಾಡಿಯ ಪ್ರಯಾಣಕ್ಕೆ ನಾಲ್ಕು ನಿಮಿಷದ ಮಿತಿ ಹಾಕುತ್ತದೆ. ಇದು ಕಾನೂನಲ್ಲ, ಮಾನದಂಡ ಮಾತ್ರ. ಕ್ಯಾಲಿಫೋರ್ನಿಯಾದ ಅನೇಕ ಊರುಗಳಲ್ಲಿ ಮೂವರೇ ಇರುತ್ತಾರೆ. 2010ರಲ್ಲಿ ಇಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್, ಎರಡು ಅಂತಸ್ತಿನ ಮನೆಯ ಮಾದರಿ ಕಟ್ಟಿ, ಬೆಂಕಿ ಹೊತ್ತಿಸಿ, ಗಡಿಯಾರ ಹಿಡಿದು ನೋಡಿತು. ಬೆಂಕಿಯ ಸ್ಥಳದಲ್ಲಿ ಮಾಡಬೇಕಾದ 22 ಕೆಲಸಗಳನ್ನು ನಾಲ್ವರ ತಂಡಗಳು ಮೂವರ ತಂಡಗಳಿಗಿಂತ ಸುಮಾರು ಐದು ನಿಮಿಷ ಮುಂಚೆ, ಇಬ್ಬರ ತಂಡಗಳಿಗಿಂತ ಸುಮಾರು ಏಳು ನಿಮಿಷ ಮುಂಚೆ ಮುಗಿಸಿದವು. ಇನ್ನೊಂದು ನಿಯಮವನ್ನೂ ಇಲ್ಲಿ ನೆನೆಯಬೇಕು. ಹೊಗೆ ತುಂಬಿದ ಮನೆಯೊಳಗೆ ಇಬ್ಬರು ಹೋದರೆ ಹೊರಗೆ ಇಬ್ಬರು ಸಿದ್ಧರಾಗಿ ನಿಂತಿರಲೇಬೇಕು. ಇದು ಕಾರ್ಮಿಕ ಸುರಕ್ಷತೆಯ ಕಾನೂನು. ಒಳಗೊಂದು ಜೀವ ಸಿಕ್ಕಿಕೊಂಡಿರುವುದು ಗೊತ್ತಿದ್ದರೆ ವಿನಾಯಿತಿ ಉಂಟು. ಮೂವರೇ ಬಂದಿಳಿದರೆ, ಆ ವಿನಾಯಿತಿ ಅನ್ವಯಿಸದಿರುವಾಗ, ಎರಡನೆಯ ಗಾಡಿ ಬರುವವರೆಗೆ ಅವರು ಹೊರಗೆ ಕಾಯಬೇಕು. ಜನರಿಗೆ ಇದು ಹೇಡಿತನದಂತೆ ಕಂಡೀತು. ಅವರು ಎಣಿಕೆಗೆ ಕಟ್ಟುಬಿದ್ದಿರುತ್ತಾರೆ, ಅಷ್ಟೇ.

ಹೃದಯ ನಿಂತ ರೋಗಿಯ ಮುಂದೆಯೂ ಇದೇ ಲೆಕ್ಕ. ಎದೆ ಒತ್ತುವ ಒಬ್ಬರು ಎರಡು ನಿಮಿಷಕ್ಕೆ ದಣಿಯುತ್ತಾರೆ. ಬದಲಾಗಲು ಇನ್ನೊಬ್ಬರು, ಉಸಿರಾಟಕ್ಕೆ ಒಬ್ಬರು, ಔಷಧಿ ಮತ್ತು ಯಂತ್ರಕ್ಕೆ ಒಬ್ಬರು. ಏನೂ ಮಾಡದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಅಮೆರಿಕದ ಅಗ್ನಿಶಾಮಕ ದಳಗಳಿಗೆ ಬರುವ ಕರೆಗಳಲ್ಲಿ ಸುಮಾರು ಮೂರನೇ ಎರಡು ಪಾಲು ವೈದ್ಯಕೀಯ ತುರ್ತುಗಳು, ನಿಜವಾದ ಬೆಂಕಿ ನೂರಕ್ಕೆ ನಾಲ್ಕರ ಆಸುಪಾಸು ಎಂಬುದನ್ನು ನೆನೆದರೆ, ಅಮ್ಮನ ಪ್ರಶ್ನೆ ತಮಾಷೆಯಾಗಿ ಉಳಿಯುವುದಿಲ್ಲ. ಅವರು ಹೆಸರಿಗೆ ಬೆಂಕಿ ಆರಿಸುವವರು. ಬದುಕಿನ ಬಹುಪಾಲು ಮಾಡುವುದು ನನ್ನ ಕೆಲಸವನ್ನೇ.

ಅಂದಹಾಗೆ, ಕರೆಗಳ ಸಂಖ್ಯೆಯನ್ನು ಸಾಧನೆ ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಒಣಮೆಣಸಿನಕಾಯಿ ಒಗ್ಗರಣೆಗೆ ಹೊಗೆ ಸೂಚಕ ಕಿರುಚಿಕೊಂಡು ಇಡೀ ಕಟ್ಟಡದವರು ಮೆಟ್ಟಿಲಿಳಿದು ನಿಂತ ಅನುಭವ ಅಮೆರಿಕದ ಯಾವ ಕನ್ನಡ ಮನೆಗೆ ಇಲ್ಲ? ನಮ್ಮ ಮನೆಯ ಹುಳಿಯೂ ಒಂದು ವರ್ಷ ಅಂಥದೊಂದು ಅಂಕಿಸಂಖ್ಯೆಯೊಳಗೆ ಸೇರಿರಲೇಬೇಕು.

ಈ ಸುತ್ತಿನ ಊರುಗಳಿಗೆ ಬೆಂಕಿ ಕಲಿಸಿದ ಪಾಠಗಳು ಹಗುರವಲ್ಲ. 1991ರ ಅಕ್ಟೋಬರ್ 20ರ ಭಾನುವಾರ, ಹಿಂದಿನ ದಿನ ಆರಿಸಿದ್ದೆಂದು ಭಾವಿಸಿದ್ದ ಹುಲ್ಲಿನ ಬೆಂಕಿ ಬಿಸಿಗಾಳಿಗೆ ಮತ್ತೆ ಎದ್ದು, ಓಕ್‌ಲ್ಯಾಂಡ್ ಮತ್ತು ಬರ್ಕ್ಲಿ ಬೆಟ್ಟಗಳಲ್ಲಿ 25 ಜನರನ್ನು ಬಲಿ ತೆಗೆದುಕೊಂಡಿತು. ಮೂರು ಸಾವಿರದಷ್ಟು ಮನೆಗಳು ಉರಿದುಹೋದವು. ನೆರೆಯೂರುಗಳಿಂದ ಸಹಾಯಕ್ಕೆ ಓಡಿಬಂದ ಗಾಡಿಗಳ ಕೊಳವೆ ಓಕ್‌ಲ್ಯಾಂಡಿನ ಬೀದಿಯ ನಲ್ಲಿಗೆ ಕೂಡಲಿಲ್ಲ. ಎಲ್ಲ ಕಡೆ ಎರಡೂವರೆ ಅಂಗುಲದ ಜೋಡಣೆಯಿದ್ದರೆ ಇಲ್ಲಿ ಮೂರು ಅಂಗುಲ! ಗಾಡಿಯಿತ್ತು, ನೀರಿತ್ತು, ಜನರಿದ್ದರು. ಮಧ್ಯೆ ಅರ್ಧ ಅಂಗುಲ ಅಡ್ಡಬಂತು. ತಪಾಸಣೆಯ ಸಿಬ್ಬಂದಿಯ ಕೊರತೆ ಏನು ಮಾಡಬಲ್ಲದು ಎಂಬುದನ್ನು 2016ರ ಡಿಸೆಂಬರ್ 2ರ ರಾತ್ರಿ ಓಕ್‌ಲ್ಯಾಂಡಿನ 'ಘೋಸ್ಟ್ ಶಿಪ್' ಗೋದಾಮು 36 ಯುವಜೀವಗಳ ಲೆಕ್ಕದಲ್ಲಿ ತೋರಿಸಿತು. ನಮ್ಮ ಎಮರಿವಿಲ್ ಗಡಿಯಲ್ಲೇ, ಸ್ಯಾನ್ ಪಾಬ್ಲೊ ರಸ್ತೆಯಲ್ಲಿ ಕಟ್ಟುತ್ತಿದ್ದ ಮರದ ಚೌಕಟ್ಟಿನ ವಸತಿ ಸಮುಚ್ಚಯ 2016ರ ಜುಲೈಯಲ್ಲಿ ಉರಿಯಿತು. ಮತ್ತೆ ಕಟ್ಟತೊಡಗಿದ್ದು 2017ರ ಮೇ ತಿಂಗಳಲ್ಲಿ ಮತ್ತೊಮ್ಮೆ ಉರಿಯಿತು. ಅಂಥ ಬೆಂಕಿಗೆ ಊರಿನ ಎರಡು ಠಾಣೆಗಳು ಎಲ್ಲಿ ಸಾಲುತ್ತವೆ? ಓಕ್‌ಲ್ಯಾಂಡಿನವರೂ ನಮ್ಮವರೂ ಗಡಿ ನೋಡದೆ ದುಡಿದರು.

ಹೀಗೆ ಪರಸ್ಪರ ನೆರವಾಗುವ ಒಪ್ಪಂದ ಕ್ಯಾಲಿಫೋರ್ನಿಯಾದಲ್ಲಿ 1950ರಿಂದಲೂ ಇದೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಉರಿದಾಗ ಬೇ ಏರಿಯಾದ ಗಾಡಿಗಳೂ ದಕ್ಷಿಣಕ್ಕೆ ಹೊರಟವು. ಐದು ಎಂಜಿನ್‌ಗಳ ಒಂದು ತಂಡ ಹೊರಟಿತೆಂದರೆ ಊರಲ್ಲಿ ಆ ಜಾಗವನ್ನು ತುಂಬುವವರು ಮನೆಯಲ್ಲಿ ವಿಶ್ರಾಂತಿಯಲ್ಲಿದ್ದವರೇ. ಮತ್ತೆ ಓವರ್‌ಟೈಮ್. ಹಣವನ್ನು ರಾಜ್ಯ ಹಿಂತಿರುಗಿಸಬಹುದು, ನಿದ್ದೆಯನ್ನಲ್ಲ. ಅಗ್ನಿಶಾಮಕರ ವೃತ್ತಿಯನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಈ ಕಾರಣಕ್ಕೆ, ಮಸಿ ಹತ್ತಿದ ಉಡುಪನ್ನು ತೊಳೆಯುವ ಯಂತ್ರ, ಬದಲಿಗೊಂದು ಜೊತೆ ಉಡುಪು, ಮಲಗುವ ಕೋಣೆಯಿಂದ ದೂರವಿರುವ ಗಾಡಿಯ ಕೊಟ್ಟಿಗೆ ಇಂಥ ಸಾಲುಗಳು ವರದಿಯಲ್ಲಿ ಬಂದಾಗ ನಾನು ಖುಷಿಯಿಂದ ಓದುತ್ತೇನೆ. ಅಲಮೇಡಾ ಕೌಂಟಿಯ ನಗರಸಭೆಯಿಲ್ಲದ ಪ್ರದೇಶಗಳ ಮತದಾರರು 2020ರ ನವೆಂಬರ್‌ನಲ್ಲಿ ಹಳೆಯ ಠಾಣೆಗಳ ದುರಸ್ತಿ ಮತ್ತು ಮರುನಿರ್ಮಾಣಕ್ಕೆ ಒಂಬತ್ತು ಕೋಟಿ ಡಾಲರಿನ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಒಳ್ಳೆಯದು. ಆದರೆ ಸಾಲಪತ್ರದ ಹಣದಿಂದ ಗೋಡೆ ಕಟ್ಟಬಹುದು, ಸಂಬಳ ಕೊಡಲಾಗದು. ಹಾಗಾಗಿ ಎಲ್ಲೆಡೆಯೂ ಕಟ್ಟಡ ಮೊದಲು ಏಳುತ್ತದೆ, ಆಸನ ಕೊನೆಗೆ ತುಂಬುತ್ತದೆ.

ಮಾನದಂಡ ಕಾನೂನಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ವೃತ್ತಿಯಲ್ಲೇ ಉದಾಹರಣೆಯಿದೆ. ಒಬ್ಬ ನರ್ಸ್‌ಗೆ ಇಷ್ಟೇ ರೋಗಿಗಳು ಎಂದು ಕ್ಯಾಲಿಫೋರ್ನಿಯಾ 1999ರಲ್ಲಿ ಕಾಯಿದೆ ಮಾಡಿ 2004ರಿಂದ ಜಾರಿಗೆ ತಂದಿತು. ಸಾಮಾನ್ಯ ವಾರ್ಡಿನಲ್ಲಿ ಐವರಿಗೆ ಒಬ್ಬರು, ತೀವ್ರ ನಿಗಾ ಘಟಕದಲ್ಲಿ ಇಬ್ಬರಿಗೆ ಒಬ್ಬರು. ಆಸ್ಪತ್ರೆಗಳನ್ನು ಮುಚ್ಚಬೇಕಾದೀತೆಂದು ಆಡಳಿತದವರು ಗೋಳಾಡಿದರು. ವಾರ್ಡಿನಲ್ಲಿ ರೌಂಡ್ಸ್ ಮಾಡುವ ನನಗೆ ಈಗ ಅದಿಲ್ಲದ ಆಸ್ಪತ್ರೆಯನ್ನು ಊಹಿಸಿಕೊಳ್ಳುವುದೂ ಕಷ್ಟ. ಅಗ್ನಿಶಾಮಕರಿಗೆ ಅಂಥ ಕಾಯಿದೆ ಇಲ್ಲ. ಪ್ರತಿ ಊರೂ ಪ್ರತಿ ಬಜೆಟ್ಟಿನಲ್ಲೂ ಹೊಸದಾಗಿ ಚೌಕಾಸಿ ಮಾಡಬೇಕು.

ಇದೆಲ್ಲ ಶ್ರೀಮಂತ ದೇಶದ ಚರ್ಚೆ, ನಮಗೇನು ಎಂದು ಕೇಳುವವರಿದ್ದಾರೆ. ನಾನು ಹೌಸ್‌ಸರ್ಜನ್ ಆಗಿದ್ದಾಗ ಸುಟ್ಟಗಾಯಗಳ ವಾರ್ಡಿಗೆ ಸೀಮೆಎಣ್ಣೆ ಸ್ಟೋವ್ ಸಿಡಿದ ಹೆಣ್ಣುಮಕ್ಕಳನ್ನು ಆಟೋದಲ್ಲಿ, ಕೆಲವೊಮ್ಮೆ ಲಾರಿಯಲ್ಲಿ ಕಂಬಳಿ ಸುತ್ತಿ ತರುತ್ತಿದ್ದರು. ಕರ್ನಾಟಕದಲ್ಲಿ 108 ಬಂದದ್ದು 2008ರ ನವೆಂಬರ್ 1ಕ್ಕೆ. ಅದಕ್ಕೆ ಮುಂಚಿನ ತಲೆಮಾರಿನ ವೈದ್ಯರಿಗೆ ಆ ವಾಸನೆ ಮರೆಯುವುದಿಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆ ಉರಿದು 92 ಮಂದಿ, ಬಹುಪಾಲು ಮಕ್ಕಳು, ಸತ್ತರು. 2010ರ ಫೆಬ್ರುವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ. ಹೊಗೆ ತಾಳಲಾರದೆ ಕೆಲವರು ಮೇಲಿನಿಂದ ಜಿಗಿದರು, ತುರ್ತು ದಾರಿಗಳಿಗೆ ಬೀಗ ಬಿದ್ದಿತ್ತು. ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡವರು ಕಟ್ಟಿದ 'ಬಿಯಾಂಡ್ ಕಾರ್ಲ್‌ಟನ್' ಸಂಸ್ಥೆ ಇಂದಿಗೂ ಆ ಬೀಗಗಳ ಬಗ್ಗೆಯೇ ಮಾತನಾಡುತ್ತಿದೆ.

2023ರಲ್ಲಿ ಬೆಂಗಳೂರಿಗೆ ಫಿನ್ಲೆಂಡಿನ 90 ಮೀಟರ್ ಏಣಿ ವಾಹನ ಬಂತು. ಪತ್ರಿಕೆಗಳ ಮುಖಪುಟದಲ್ಲಿ ಅದರ ಚಿತ್ರ ನೋಡಿ ದೂರದಲ್ಲಿದ್ದ ನನಗೂ ಹೆಮ್ಮೆಯೆನಿಸಿತು. ಅದೇ ವರ್ಷ ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ, ಆಧುನೀಕರಣಕ್ಕೆ ಕೇಂದ್ರ ಸರ್ಕಾರ 5,000 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿತು. ಸಂವಿಧಾನದ ಹನ್ನೆರಡನೆಯ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರಸಭೆಗಳ ಕೆಲಸಗಳ ಪಟ್ಟಿಯಲ್ಲಿ ಸೇರಿಸಿದೆ. ಕರ್ನಾಟಕದಲ್ಲಿ ಅದು ರಾಜ್ಯದ ಗೃಹ ಇಲಾಖೆಯ ಅಧೀನ. ಇಡೀ ರಾಜ್ಯಕ್ಕೆ ಒಂದೇ ದಳವಿರುವುದು ಒಂದು ದೃಷ್ಟಿಯಿಂದ ಒಳ್ಳೆಯದೇ. ಓಕ್‌ಲ್ಯಾಂಡಿನ ಅರ್ಧ ಅಂಗುಲದ ಅವಾಂತರ ಅಲ್ಲಿ ನಡೆಯಲಾರದು. ಆದರೆ ಎಮರಿವಿಲ್‌ನ ಗಿರಾಕಿಗಿರುವ ಹಿಡಿತವೂ ಅಲ್ಲಿನ ಊರಿಗಿಲ್ಲ. ತಾಲ್ಲೂಕು ಕೇಂದ್ರದ ಪುರಸಭಾ ಸದಸ್ಯರಿಗೆ ತಮ್ಮೂರಿನ ಠಾಣೆಯ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು, ರಾತ್ರಿ ಪಾಳಿಗೆ ಗಾಡಿ ಹತ್ತುವವರೆಷ್ಟು ಎಂದು ಕೇಳುವ ಸಂದರ್ಭವೇ ಒದಗುವುದಿಲ್ಲ. 90 ಮೀಟರ್ ಏಣಿಯನ್ನು ಚಿತ್ರದಲ್ಲಿ ತೋರಿಸಬಹುದು. ತುಂಬಿದ ಆಸನವನ್ನು ಹೇಗೆ ತೋರಿಸುವುದು?

ಎಮರಿವಿಲ್ ನಗರಸಭೆಯ ಬಜೆಟ್ ಸಭೆಗಳಲ್ಲಿ ಸಾರ್ವಜನಿಕರು ಕೆಲವು ನಿಮಿಷ ಮಾತನಾಡಬಹುದು. ಈ ಬಾರಿ ಹೋಗಿ ಒಂದು ಪುಟ ಕೇಳಬೇಕೆಂದಿದ್ದೇನೆ: 34 ಮತ್ತು 35ನೇ ಠಾಣೆಗಳಲ್ಲಿ ಪ್ರತಿ ಪಾಳಿಯ ಆಸನಗಳ ಸಂಖ್ಯೆ, ಅದರಲ್ಲಿ ಓವರ್‌ಟೈಮ್‌ನಿಂದ ತುಂಬಿದ್ದೆಷ್ಟು, ಹತ್ತರಲ್ಲಿ ಒಂಬತ್ತು ಕರೆಗಳಿಗೆ ಮೊದಲ ಗಾಡಿ ತಲುಪಿದ ಸಮಯ. ಸರಾಸರಿ ಬೇಡ, ಸರಾಸರಿಯಲ್ಲಿ ತಡವಾದವರು ಅಡಗಿಕೊಳ್ಳುತ್ತಾರೆ. ಊರಿನಲ್ಲಿರುವ ತಮ್ಮನಿಗೂ ಹೇಳಿದ್ದೇನೆ, ನಮ್ಮ ಮನೆಗೆ ಹತ್ತಿರದ ಠಾಣೆಗೆ ಹೋಗಿ ರಾತ್ರಿ ಎಷ್ಟು ಜನ ಇರುತ್ತಾರೆಂದು ಕೇಳಿಕೊಂಡು ಬಾ ಎಂದು. ಅವನು, "ಹೋಗಲಿ ಬಿಡಣ್ಣ, ಪೊಲೀಸ್ ಸ್ಟೇಷನ್ನಿಗೆ ಹೋದ ಹಾಗೆ ಆಗುತ್ತೆ" ಎಂದು ಇನ್ನೂ ಮುಂದೂಡುತ್ತಿದ್ದಾನೆ. ಅಮ್ಮ ಮಾತ್ರ, ಅವನು ಹೋಗದಿದ್ದರೆ ತಾನೇ ಆಟೋ ಹತ್ತಿ ಹೋಗುವುದಾಗಿ ಹೇಳಿದ್ದಾರೆ.